ಬೆಲೆಯಿಲ್ಲದ ಪುಸ್ತಕ

ಸಾಗರದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ವಿದ್ವಾಂಸರ ಪುಸ್ತಕಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಲಿ ಅಂತ ಕಾಲೇಜಿನ ವೆಬ್‌ಸೈಟಿಗೆ ಹಾಕುವ ಕೆಲಸವನ್ನೂ ನನಗೇ ಅಂಟಿಸಿದ್ದಾರೆ. ಪುಕ್ಕಟೆ ಅನ್ನೋ ಮಾತು ಬಾಯಿಂದ ಬಿದ್ದರೆ ಸಾಕು, ಏನಾದರೊಂದು ಫಜೀತಿ ಆಗೇ ಆಗುತ್ತೆ. ಒಂದೇ ಒಂದು ಪುಸ್ತಕದಿಂದ ಆದದ್ದನ್ನ ಹೇಳ್ತೀನಿ, ಕೇಳಿ.

೧. ಬೆಲೆ

ಹೊಸನಗರದಲ್ಲಿ ನನಗೆ ಸಸ್ಯಶಾಸ್ತ್ರ ಪಾಠ ಮಾಡಿದ ಮೇಷ್ಟ್ರಿದ್ದಾರೆ, ಈಗ ನಿವೃತ್ತರು. ಹೊಳೆ ದಂಡೆಗಳನ್ನೆಲ್ಲ ಅಲೆದು, ಉಪ್ಪಿನಕಾಯಿಗೆ ಹಾಕುವ ಮಿಡಿಮಾವಿನ ತಳಿಗಳ ಮೇಲೆ ದಪ್ಪ ಪುಸ್ತಕ ಬರೆದಿದ್ದರು. ಅರ್ಧ ಆಯುಷ್ಯ ಅದಕ್ಕೇ ಹೋಗಿತ್ತು. ಅದನ್ನ ನಮಗೆ ಕೊಡಿ ಅಂತ ಕೇಳೋಕೆ ಹೋದೆ.

"ಬೆಲೆ ಎಷ್ಟು ಇಡ್ತೀಯ?" ಅಂದರು.

"ಬೆಲೆ ಇಲ್ಲ ಸರ್."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅದನ್ನ ಓದಿ ಆದ್ಮೇಲೆ ಹೇಳ್ಬಹುದಿತ್ತಲ್ಲ ಮಾರಾಯ್ತಿ."

ವಿವರಿಸಿ ಹೇಳಿ ಒಪ್ಪಿಸುವ ಹೊತ್ತಿಗೆ ಎರಡು ಸಲ ಕಾಫಿ ಆಯ್ತು. ಹೊರಡುವಾಗ ಮಾತ್ರ ಅವರ ಮುಖ ಸಣ್ಣದಾಗಿತ್ತು. "ಪುಕ್ಕಟೆ ಸಿಕ್ಕಿದ್ದನ್ನ ಯಾರು ಓದ್ತಾರೆ? ಯಾರೂ ಓದದಿದ್ರೆ ನಾ ಇಷ್ಟು ವರ್ಷ ಅಲೆದಿದ್ದು ಎಂತಕ್ಕೆ?" ಅಂದರು. ಓದ್ತಾರೆ ಸರ್, ನೋಡ್ತಾ ಇರಿ ಅಂತ ಜಂಬದಿಂದ ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನನಗೇ ಅನುಮಾನ ಶುರುವಾಯ್ತು.

೨. ಗುಟ್ಟು

ವಿದ್ವತ್ತಿನ ಪುಸ್ತಕ ಅಂದ ಮೇಲೆ ವಿಷಯ ಬಲ್ಲವರೊಬ್ಬರು ಮೊದಲೇ ಓದಿ ವರದಿ ಕೊಡಬೇಕು. ಅವರು ಯಾರು ಅಂತ ಪುಸ್ತಕ ಬರೆದವರಿಗೆ ಗೊತ್ತಾಗಬಾರದು. ನಾನು ಹೆಸರು ಅಳಿಸಿ, ಕೈಬರಹದ ಗುರುತು ಹತ್ತಬಾರದು ಅಂತ ಬಂದ ವರದಿಯನ್ನ ನಾನೇ ಟೈಪ್ ಮಾಡಿ ಮೇಷ್ಟ್ರಿಗೆ ಕಳಿಸಿದೆ. ಮರುದಿನವೇ ಮೇಷ್ಟ್ರ ಫೋನು.

"ತೀರ್ಥಹಳ್ಳಿಯವರಿಗೆ ಥ್ಯಾಂಕ್ಸ್ ಹೇಳ್ದೆ."

"ಯಾವ ತೀರ್ಥಹಳ್ಳಿಯವರು ಸರ್?" ಅಂದೆ, ಏನೂ ಅರಿಯದವಳ ಹಾಗೆ.

"ಜೀರಿಗೆ ವಾಸನೆ ಮಿಡಿಗೆ ಉಪ್ಪು ಎರಡು ಪಾಲು ಬೇಕು ಅಂತ ಬರ್ದಿದಾರಲ್ಲ. ನಮ್ಮ ಬೀಗರ ಮನೆ ಬಿಟ್ರೆ ಬೇರೆಲ್ಲೂ ಹಾಗೆ ಹಾಕಲ್ಲ."

ವರದಿ ಕೊಟ್ಟವರು ಮೇಷ್ಟ್ರ ಬೀಗರು ಅಂತ ನನಗೆ ಗೊತ್ತೇ ಇರಲಿಲ್ಲ. ಬೀಗರ ವರದಿ ಲೆಕ್ಕಕ್ಕಿಲ್ಲ ಅಂತ ಪುಸ್ತಕವನ್ನ ಜಿಲ್ಲೆಯ ಹೊರಗಿನ ವಿದ್ವಾಂಸರೊಬ್ಬರಿಗೆ ಕಳಿಸಿದೆ. ಇಂಥ ಕೆಲಸ ಯಾರೂ ಮಾಡಿಲ್ಲ ಅಂತ ಅವರು ಬರೆದಾಗ ನಮ್ಮ ಮೇಷ್ಟ್ರು ಅಂತ ನನಗೆ ಹೆಮ್ಮೆಯೋ ಹೆಮ್ಮೆ. ಮೇಷ್ಟ್ರು ಮಾತ್ರ ಓದಿ, "ಇವರಿಗೆ ಉಪ್ಪಿನಕಾಯಿ ಹಾಕೋಕೆ ಬರಲ್ಲ. ಆದ್ರೂ ಒಳ್ಳೆ ಮನುಷ್ಯ" ಅಂದರು.

೩. ಲೋಕಾರ್ಪಣೆ

ಬೀಗರು ಸುಮ್ಮನಿರುತ್ತಾರಾ, ತೀರ್ಥಹಳ್ಳಿಯಲ್ಲೇ ಬಿಡುಗಡೆ ಸಮಾರಂಭ ಇಟ್ಟರು. ಬಿಡುಗಡೆ ಅಂದರೆ ಬಣ್ಣದ ಕಾಗದ ಸುತ್ತಿದ ಪುಸ್ತಕದ ರಿಬ್ಬನ್ ಬಿಚ್ಚಬೇಕು. ಇಲ್ಲಿ ಪುಸ್ತಕವೇ ವೆಬ್‌ಸೈಟಿನಲ್ಲಿದೆ. ಬೀಗರು ನನ್ನ ಲ್ಯಾಪ್‌ಟಾಪಿಗೇ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿಬಿಟ್ಟಿದ್ದರು.

ಮುಖ್ಯ ಅತಿಥಿಗಳು ಗಂಭೀರವಾಗಿ ಬಿಚ್ಚಿದರು. ರೂಢಿಯಂತೆ ಎದೆಗೆ ಹಿಡಿದು ಸಭೆಗೆ ತೋರಿಸುವಾಗ ಅವರ ಹೆಬ್ಬೆರಳು ಪವರ್ ಬಟನ್ ಮೇಲೆ ಬಿತ್ತು, ಪರದೆ ಕಪ್ಪಾಯ್ತು. ಪರದೆ ಇದ್ದದ್ದು ಸಭೆಯ ಕಡೆಗೆ, ಅವರಿಗೆ ಅದು ಕಾಣಬೇಕಲ್ಲ. "ಈ ಕೃತಿ ನಾಡಿಗೆಲ್ಲ ಬೆಳಕು ಚೆಲ್ಲಲಿ" ಅಂದರು.

"ಮೊದ್ಲು ಅದನ್ನ ಚಾರ್ಜಿಗೆ ಹಾಕಿ" ಅಂತ ಮುಂದಿನ ಸಾಲಿನಿಂದ ಯಾರೋ ಹೇಳಿದರು.

೪. ಹದಿನೇಳು

ಆಮೇಲೆ ದಿನಾ ಮೇಷ್ಟ್ರ ಫೋನು. ಇಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅಂದರೆ, "ಇಳಿಸ್ಕೊಂಡವರ ಸುದ್ದಿ ಬೇಡ. ಓದಿದವರು ಯಾರು, ಅದನ್ನ ಹೇಳು" ಅನ್ನೋರು. ಅದನ್ನ ವೆಬ್‌ಸೈಟು ಹೇಳಲ್ಲ ಸರ್ ಅಂತ ಹೇಳಿ ಫೋನಿಡ್ತಿದ್ದೆ.

ಒಂದು ಬೆಳಿಗ್ಗೆ ನಾನು ಲೈಬ್ರರಿ ಬಾಗಿಲು ತೆಗೆಯೋ ಮೊದಲೇ ಅವರ ಫೋನು. ನಿಟ್ಟೂರಿನ ಜೀಪ್ ಡ್ರೈವರ್ ಒಬ್ಬ ಮನೆ ಹುಡುಕಿಕೊಂಡು ಬಂದಿದ್ದನಂತೆ. ಕೊಡಚಾದ್ರಿಗೆ ಹೋಗೋ ಪ್ರವಾಸಿಗರನ್ನ ಕಾಯ್ತಾ ಕಾಯ್ತಾ ಮೊಬೈಲಿನಲ್ಲೇ ಇಡೀ ಪುಸ್ತಕ ಓದಿದ್ದಾನೆ. ಮರ ಇರೋದು ಹೊಳೆಯ ಈ ದಂಡೇಲಲ್ಲ ಆ ದಂಡೇಲಿ, ನಮ್ಮೂರ ಮಿಡಿಗೆ ನೀವು ಪಕ್ಕದೂರಿನ ಹೆಸರು ಕೊಟ್ಟಿದೀರಿ ಅಂತೆಲ್ಲ ಜಗಳ ತೆಗೆದು, ಚೀಟಿ ಕೊಟ್ಟು ಹೋಗಿದ್ದಾನೆ.

"ಹದಿನೇಳು ತಪ್ಪು ಕಣೇ" ಅಂದರು ಮೇಷ್ಟ್ರು.

"ಬೇಜಾರು ಮಾಡ್ಕೋಬೇಡಿ ಸರ್, ಇವತ್ತೇ ತಿದ್ದಿ ಹಾಕ್ತೀನಿ" ಅಂದೆ.

"ಬೇಜಾರಾ? ಎಂತ ಹೇಳ್ತೀಯ ನೀನು. ನನ್ನ ಹಿಂದಿನ ಪುಸ್ತಕ ಬೆಲೆ ಹಾಕಿ ಮಾರಿದ್ದು. ಇವತ್ತಿನವರೆಗೂ ಅದ್ರಲ್ಲಿ ಒಬ್ರಿಗೂ ಒಂದು ತಪ್ಪೂ ಸಿಕ್ಕಿಲ್ಲ."