ಮಾವನ ಕನ್ನಡ ಯಂತ್ರಗಳು

ನಮ್ಮ ಸೋದರಮಾವನಷ್ಟು ಹಾಡಿನ ಯಂತ್ರಗಳನ್ನು ಕೊಂಡವರು, ಆದರೆ ಅವುಗಳಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳದವರು, ಇಡೀ ನಾಸಿಕ್‌ನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ! ದುಡ್ಡು ಅವರದು, ಕಿವಿ ಮಗಳದು.

ಮಾವ ವಿಜಯಪುರದ ಕಡೆಯವರು, ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ. ಅವಳು ತಮ್ಮೊಡನೆ ಒಮ್ಮೆಯಾದರೂ ಕನ್ನಡ ಮಾತಾಡಬೇಕೆಂಬುದೇ ಮಾವನ ಆಸೆ. ಅದಕ್ಕೆ ಮಾಸ್ತರರನ್ನು ಹುಡುಕಿದರೇ? ಛೇ! "ಎಣ್ಣಿ ಹಾಕಿದ್ರ ಇಂಜಿನ್ ತಾನಾಗೇ ಚಾಲೂ ಆಗತೈತಿ" ಎಂದು ಮಗಳ ಕಿವಿಗೆ ಕನ್ನಡ ತುಂಬಿಸಲು ಹೊರಟರು.

ಮೊದಲು ಬಂದದ್ದು ವಾಕ್‌ಮನ್. ಹೋಂವರ್ಕ್ ಮಾಡುವ ಹುಡುಗಿಯ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಭಾವಗೀತೆ ಹಚ್ಚಿ, ಬಾಗಿಲ ಮರೆಯಲ್ಲಿ ನಿಂತು ಕಾದರು. ಕೊನೆಗೂ ಅವಳು ಬಾಯಿ ಬಿಟ್ಟಳು. "ಬಾಬಾ, ಬ್ಯಾಟರಿ ಸಂಪಲೀ." ಬ್ಯಾಟರಿ ಮುಗಿಯಿತಂತೆ, ಅದೂ ಅಚ್ಚ ಮರಾಠಿಯಲ್ಲಿ!

ಆಮೇಲೆ ಸಿ.ಡಿ. ಪ್ಲೇಯರ್. ತ್ರ್ಯಂಬಕೇಶ್ವರಕ್ಕೆ ಶೇರ್ ಜೀಪಿನಲ್ಲಿ ಹೊರಟಾಗ ಪ್ರತಿ ತಗ್ಗಿಗೂ ಹಾಡು ಎಗರುತ್ತಿತ್ತು. ಮಾವ ಅದನ್ನು ತುಂಬಿದ ಹಾಲಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತರು. ನಿಧಾನ ನಡೆಸಪ್ಪಾ ಎಂದು ಡ್ರೈವರನಿಗೆ ತಾಕೀತು ಬೇರೆ. ಯಾವ ದೇವರನ್ನು ಒಯ್ಯುತ್ತಿದ್ದೀರಿ ಎಂದು ಪಕ್ಕದ ಅಜ್ಜಿ ಕೈಮುಗಿದೇಬಿಟ್ಟಳು. ಮಗಳು ನಿದ್ದೆ ಹೋಗಿದ್ದಳು.

ಹೆಬ್ಬೆರಳಿನಷ್ಟು ಎಂಪಿತ್ರೀ ಪ್ಲೇಯರ್ ಬಂದಾಗ ಹುಡುಗಿ ಕಾಲೇಜು ಸೇರಿದ್ದಳು. ಬ್ಯಾಂಕಿನ ವರ್ಗದ ಮೇಲೆ ನಾಸಿಕ್‌ಗೆ ಬಂದ ನನಗೆ ಅವಳ ಗುಟ್ಟು ತಿಳಿಯಿತು. ಅಪ್ಪ ತಪಾಸಣೆ ಮಾಡುತ್ತಾರೆಂದು ಮೊದಲಿಗೊಂದು ಕನ್ನಡ ಹಾಡು, ಮಿಕ್ಕಿದ್ದೆಲ್ಲ ಮರಾಠಿ, ಹಿಂದಿ! ಮಾವ ಆ ಹಾಡಿನ ಶುರುವಷ್ಟನ್ನೇ ಕಿವಿಗಿಟ್ಟು ನೋಡಿ ತೃಪ್ತಿಯಿಂದ ತಲೆದೂಗುತ್ತಿದ್ದರು.

ಮುಂದೆ ಅವಳು ಇಂಜಿನಿಯರ್ ಆದಳು. ಈಗಿನ ಸಂಭಾಜಿನಗರದ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಹಾಡಿನ ಯಂತ್ರಗಳೆಲ್ಲ ಮೊಬೈಲಿನ ಹೊಟ್ಟೆ ಸೇರಿ, ಮಾವನಿಗೆ ಕೊಳ್ಳಲು ಏನೂ ಉಳಿದಿರಲಿಲ್ಲ. ಮಗಳನ್ನು ಅಲ್ಲಿ ಪಿ.ಜಿ.ಯಲ್ಲಿ ಬಿಟ್ಟು ಬಸ್ಸಿನಲ್ಲಿ ವಾಪಸಾದರು. ಕರೆತರಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅವರು ಇಳಿಯುತ್ತಿದ್ದಂತೆ ಮಗಳ ಫೋನ್ ಬಂತು. ಮಾವನ ಮೊಬೈಲಿನ ದನಿ ಸುತ್ತಲಿನವರಿಗೆಲ್ಲ ಕೇಳುವಷ್ಟು ಜೋರು.

"ಅಪ್ಪಾ, ಆರಾಮ ಮುಟ್ಟಿದ್ರಿ? ಇಲ್ಲಿ ನನಗ ಒಬ್ಬಾಕಿಗೇ ಬ್ಯಾಸರ ಆಗಾಕತ್ತೈತ್ರಿ."

ಮಾವ ನನ್ನ ಮುಖ ನೋಡಿದರು. ಇಷ್ಟು ವರ್ಷ ಕಾದಿದ್ದ ಕನ್ನಡ ಕಿವಿಗೆ ಬಿದ್ದಾಗ ಅವರ ಬಾಯಿಗೇ ಕನ್ನಡ ಬರಲಿಲ್ಲ! "ಹೋ ಬಾಳಾ, ಪೋಹೋಚಲೋ" ಎಂದರು, ಹೂಂ ಮಗಳೇ, ಮುಟ್ಟಿದೆ ಎಂದು ಮರಾಠಿಯಲ್ಲಿ.

"ಕನ್ನಡದಾಗ ಹೇಳ್ರಿ, ಅಪ್ಪಾ."

ಮಾವ ಫೋನನ್ನು ನನ್ನ ಕೈಗೆ ಕೊಟ್ಟು, ಅಷ್ಟು ಜನರ ನಡುವೆ ನಿಂತು ಅತ್ತುಬಿಟ್ಟರು.