ದೊಡ್ಡಮ್ಮನ ಗ್ರೂಪಾಯ್ಡು, ನನ್ನ ಆಟೋ

ನಮ್ಮ ದೊಡ್ಡಮ್ಮನನ್ನು ಕಂಡರೆ ಮೈಸೂರಿನ ಟ್ರಾಫಿಕ್ ಪೊಲೀಸರೇ ಆ ಕಡೆ ತಿರುಗಿ ನಿಲ್ಲುತ್ತಾರೆ. ಸುಳ್ಳಲ್ಲ! ಅವರೇನು ಪುಢಾರಿಯಲ್ಲ. ಗಣಿತ ಪಾಠ ಮಾಡಿ ರಿಟೈರ್ ಆದ ಕಾಲೇಜು ಮೇಡಂ. ರಿಟೈರ್ ಆದವರು ದೇವರ ನಾಮ ಕಲಿಯುತ್ತಾರೆ. ಇವರು ಪಿಎಚ್‌ಡಿಗೆ ಸೇರಿಕೊಂಡರು. ವಿಷಯ? ಲೀ ಆಲ್ಜಿಬ್ರಾಯ್ಡನ್ನು ಗ್ರೂಪಾಯ್ಡ್ ಮಾಡುವುದು. ಹೆಸರು ಕೇಳಿದರೆ ಮೂಲವ್ಯಾಧಿ ಮಾತ್ರೆ ಅನಿಸುವುದಿಲ್ಲವೇ?

ನಾನು ಓದಿದ್ದು ಏಳನೇ ಕ್ಲಾಸು. ಆಟೋ ಓಡಿಸುತ್ತೇನೆ. ಜಯಲಕ್ಷ್ಮಿಪುರಂ ಮನೆಯಿಂದ ಯೂನಿವರ್ಸಿಟಿಗೆ ಅವರನ್ನು ಬಿಟ್ಟು ಕರೆತರುವುದು ಆರು ವರ್ಷದಿಂದ ನನ್ನ ಕೆಲಸ. ದಾರಿಯುದ್ದಕ್ಕೂ ಪಾಠ.

"ನೋಡೋ, ಒಂದೊಂದು ಜಾಗದಲ್ಲೂ ಹ್ಯಾಂಡಲ್ ಯಾವ್ಯಾವ ಕಡೆ ತಿರುಗುತ್ತೆ ಅಂತ ಗೊತ್ತಿದ್ರೆ ಅದು ಆಲ್ಜಿಬ್ರಾಯ್ಡ್. ಅವನ್ನೆಲ್ಲ ಪೋಣಿಸಿ ಪೂರ್ತಿ ಟ್ರಿಪ್ ಮಾಡಿದ್ರೆ ಗ್ರೂಪಾಯ್ಡ್. ಒಂದು ಟ್ರಿಪ್ ಮುಗಿದಲ್ಲೇ ಇನ್ನೊಂದನ್ನ ಸೇರಿಸ್ಬೇಕು. ಹೋದ ಪ್ರತಿ ಟ್ರಿಪ್ಪಿಗೂ ವಾಪಸ್ ಟ್ರಿಪ್ ಇರ್ಬೇಕು."

"ಇಷ್ಟಕ್ಕೆ ವರ್ಷಗಟ್ಟಲೆ ಬೇಕಾ ದೊಡ್ಡಮ್ಮ? ನಾನು ದಿನಾ ಮಾಡ್ತೀನಿ."

ಹೇಳಿ ಕೆಟ್ಟೆ! ಅವತ್ತಿನಿಂದ ಬೆಳಿಗ್ಗೆ ಇಳಿದ ಜಾಗದಲ್ಲೇ ಸಂಜೆ ಹತ್ತಬೇಕು ಅಂತ ಹಟ. ಒಂದು ಸಂಜೆ ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸಿದೆ. ಹತ್ತಲೇ ಇಲ್ಲ. ಆಟೋವನ್ನು ಹಿಂದಕ್ಕೆ ತಳ್ಳಿಕೊಂಡು ಬಂದೆ. ಗಣಿತ ಅವರದು, ಸೊಂಟ ನನ್ನದು.

ಇನ್ನೊಂದು ಸಲ ನಜರ್‌ಬಾದಿನಿಂದ ಬರುವಾಗ ಒನ್‌ವೇ ಅಂತ ಪೊಲೀಸಪ್ಪ ತಡೆದ. ದೊಡ್ಡಮ್ಮ ಇಳಿದೇಬಿಟ್ಟರು.

"ಹೋದ ದಾರೀಲಿ ವಾಪಸ್ ಬರೋ ಹಾಗಿಲ್ಲ ಅಂದ್ರೆ ಗ್ರೂಪಾಯ್ಡ್ ಹೇಗಪ್ಪಾ ಆಗುತ್ತೆ?"

"ಅದೇನಾಯ್ತದೋ ಗೊತ್ತಿಲ್ಲ ಕಣಮ್ಮ. ಫೈನ್ ಅಂತೂ ಆಯ್ತದೆ."

ದೊಡ್ಡಮ್ಮ ಅವನ ಬೈಕಿನ ಸೀಟಿನ ಧೂಳಿನಲ್ಲಿ ಬೆರಳಾಡಿಸಿ ಬಾಣ ಬರೆಯತೊಡಗಿದರು. ಮೂರನೇ ಬಾಣಕ್ಕೆ ಅವನೇ ನನಗೆ ಕೈಮುಗಿದ. "ಇವ್ರನ್ನ ಕರ್ಕೊಂಡೋಗ್ಬುಡಪ್ಪ!"

ಹೋದ ತಿಂಗಳು ಥೀಸಿಸ್ ಕೊಡುವ ದಿನ ಬಂತು. ಅದೇ ಕೊನೆಯ ದಿನ. ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಮೊದಲಿಂದ ಅರ್ಜಿ. ಬೈಂಡ್ ಮಾಡಿಸಿದ ನಾಲ್ಕು ಪ್ರತಿ ಸೀಟಿನ ಮೇಲಿದ್ದವು. ದೊಡ್ಡಮ್ಮ ಹೊಸ ಸೀರೆಯಲ್ಲಿ ಪಾಠ ಶುರು ಮಾಡಿದರು.

"ಎಲ್ಲ ಆಲ್ಜಿಬ್ರಾಯ್ಡೂ ಗ್ರೂಪಾಯ್ಡ್ ಆಗಲ್ಲ ಕಣೋ. ಸುತ್ತು ಹಾಕಿದಾಗ ಒಂದಿಷ್ಟು ಉಳಿಕೆ ಉಳಿಯುತ್ತೆ. ಉಳಿಕೆ ಸೊನ್ನೇನೇ ಆದ್ರೆ ಸರಿ, ಸೊನ್ನೆ ಆಗದೆ ಅದರ ಹತ್ರ ಹತ್ರ ಬಂದ್ಬಿಟ್ರೆ ಕೆಲಸ ಕೆಟ್ಟಿತು. ನಾನು ಒಂದೊಂದು ಜಾಗದಲ್ಲೂ ನಿಂತು ನೋಡಿದೀನಿ. ಎಲ್ಲೂ ಬರಲ್ಲ."

"ನಿಂತು ನೋಡಿದ್ರೆ ಎಂಗೆ ಗೊತ್ತಾಯ್ತದೆ? ನನ್ ಗಾಡೀನೂ ನಿಂತಿದ್ದಾಗ ಸರಿಯಾಗೇ ಇರ್ತದೆ. ಓಡ್ತಾ ಓಡ್ತಾ ತಾನೆ ಸದ್ದು ಬರೋದು?"

ದೊಡ್ಡಮ್ಮ ಮೇಲಿನ ಪ್ರತಿ ಎತ್ತಿಕೊಂಡು ಪರಪರ ಹಾಳೆ ಮಗುಚಿದರು. 

"ಲೋ... ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಹೋಗ್ತಾ ಹೋಗ್ತಾ ಉಳಿಕೆ ಸಣ್ಣದಾಗ್ತಾ ಬರಬಹುದು. ಅದನ್ನ ನಾನು ನೋಡೇ ಇಲ್ಲ. ಗಾಡಿ ತಿರುಗಿಸು."

"ಇವತ್ತೇ ಲಾಸ್ಟು ದೊಡ್ಡಮ್ಮ! ಕೊಟ್ಬುಡಿ. ಯಾರ್ಗೂ ಗೊತ್ತಾಗಕಿಲ್ಲ."

"ನನಗೆ ಗೊತ್ತಾಯ್ತಲ್ಲೋ."

ತಿರುಗಿಸಿದೆ.

ಮನೆಗೆ ಬಂದವರೇ ಈಳಿಗೆಮಣೆ ಎಳೆದುಕೊಂಡರು. ಹಲಸಿನಕಾಯಿ ಸೀಳಿದ ಹಾಗೆ ನಾಲ್ಕೂ ಬೈಂಡು ಸೀಳಿದರು. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ.

"ನನ್ ಹಾಳು ಬಾಯಿ, ದೊಡ್ಡಮ್ಮ," ಅಂದೆ.

"ಬಾಯಿ ಚೆನ್ನಾಗೇ ಇದೆ. ಬಾ, ಕೂತ್ಕೋ. ಆಗ ಕೇಳಿದ್ಯಲ್ಲ, ಅದನ್ನೇ ಇನ್ನೊಂದ್ಸಲ ಕೇಳು. ನಿಧಾನಕ್ಕೆ."

ಕೇಳಿದೆ. ಆರು ವರ್ಷದಿಂದ ಅವರು ತಮಗೆ ತಾವೇ ಮಾತಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ನನ್ನ ಹತ್ತಿರವೇ ಮಾತಾಡುತ್ತಿದ್ದರು!

ದೊಡ್ಡಮ್ಮ ಒಂದು ಹಾಳೆ ಮಗುಚಿ, ಖಾಲಿ ಬೆನ್ನಿನ ಮೇಲೆ ಪೆನ್ಸಿಲ್ ಇಟ್ಟರು. ಫ್ಯಾನಿನ ಗಾಳಿಗೆ ಉಳಿದ ಹಾಳೆಗಳು ಏಳತೊಡಗಿದವು. ಎರಡೂ ಅಂಗೈ ಅಗಲಿಸಿ ಒತ್ತಿಕೊಂಡು ಕೂತೆ. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು, ಯಾವುದೋ ಬಾಡಿಗೆ ಇರಬೇಕು. ಎತ್ತಲಿಲ್ಲ.  ಅವರು ಬರೆಯುವುದು ನಿಲ್ಲಿಸಲಿಲ್ಲ.