ಮಾವನ ಬೀರುವಿನ ಜಪಾನಿ ಯೋಧರು

ನನ್ನ ಸೋದರಮಾವನ ಮನೆಗೆ ಹೋದರೆ ನೀರು ಮಾತ್ರ ಕೇಳಬೇಡಿ! ಜಿಪುಣರೆಂದಲ್ಲ, ಊಟವನ್ನು ಬೇಡವೆಂದರೂ ಬಡಿಸುತ್ತಾರೆ. ಆದರೆ ನೀರು ಕೇಳಿದರೆ ಜಪಾನಿನ ಇತಿಹಾಸ ಶುರುವಾಗುತ್ತದೆ. ಅದು ಮುಗಿಯುವಷ್ಟರಲ್ಲಿ ನಿಮ್ಮ ನಾಲಿಗೆ ಒಣಗಿರುತ್ತದೆ.

ಮೈಸೂರಿನ ಮಾವ ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ದುಡಿದು, ನಿವೃತ್ತರಾಗಿ ಅದೇ ಊರಿನ ಶ್ರೀಕಾರ್ಯಂ ಬಡಾವಣೆಯಲ್ಲೇ ನೆಲೆಸಿದವರು. ಕೊಚ್ಚಿಯ ಬ್ಯಾಂಕಿನಲ್ಲಿದ್ದ ನನ್ನನ್ನು ನೋಡಲು ಬಂದವರು, ಅಲ್ಲಿನ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಆರು ಗಾಜಿನ ಲೋಟ ಕಂಡು ನಿಂತುಬಿಟ್ಟರು. ಒಂದೊಂದರ ಮೇಲೂ ಕವಚ ತೊಟ್ಟ ಹಿಂದಿನ ಕಾಲದ ಜಪಾನಿ ಯೋಧನ ಚಿತ್ರ: ಕೊಂಬಿನ ಶಿರಸ್ತ್ರಾಣ, ಮೀಸೆಯಿರುವ ಮುಖವಾಡ, ಕೆಂಪು ದಾರದಲ್ಲಿ ಹೆಣೆದ ಎದೆಕವಚ. ವಾಪಸು ಹೋಗುವಾಗ ರೈಲಿನಲ್ಲಿ ಲೋಟಗಳಿಗೆ ಸೀಟು ಸಿಕ್ಕಿತು. ಜೊತೆಗೆ ಹೊರಟ ನಾನು ಕೊಲ್ಲಂವರೆಗೂ ನಿಂತಿದ್ದೆ!

ಮನೆಯಲ್ಲಿ ಬೀರುವಿನ ಮುಂದೆ ನಿಂತು ವರ್ಣನೆ. "ಈ ಕವಚಕ್ಕೆ ಕತ್ತಿ ತಾಗಲ್ಲ, ಬಾಣ ನಾಟಲ್ಲ!"

"ಹಾಗಾದ್ರೆ ಒಂದರಲ್ಲಿ ನೀರು ಕೊಡಿ ಮಾವ."

"ಅಯ್ಯೋ, ಒಡೆದೋಗುತ್ತೆ ಕಣೇ!"

ನನಗೆ ಸ್ಟೀಲ್ ಲೋಟ ಬಂತು.

ಪಕ್ಕದ ಮನೆಯ ನಿವೃತ್ತ ಮೇಷ್ಟರು ಮಾತ್ರ ಹಟ ಹಿಡಿದು ಅದರಲ್ಲೇ ಕುಡಿದರು. ಅಲ್ಲಿ ನೀರೆಂದರೆ ಮರದ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರು ತಾನೆ? ಮಾವ ಅದನ್ನು ಆರಿಸಿ ಸುರಿದು, ಎತ್ತಿ ಕುಡಿಯಬೇಕು, ತುಟಿ ತಾಗಿದರೆ ಯೋಧನ ಮೀಸೆ ಅಳಿಸುತ್ತದೆ ಎಂದು ಮಲಯಾಳಂನಲ್ಲಿ ಷರತ್ತು ಹಾಕಿದರು. ಮೀಸೆಯೇನೋ ಉಳಿಯಿತು, ಮೇಷ್ಟರ ಬಿಳಿ ಮುಂಡುಪಂಚೆ ಗುಲಾಬಿಯಾಯಿತು!

ಹೋದ ವರ್ಷ ಅತ್ತೆಗೆ ಕೈನಡುಕ ಶುರುವಾಯಿತು. ಪಿಂಗಾಣಿ ಕಪ್ಪುಗಳು ಕೈಜಾರಿದ ಮೇಲೆ ಅವರ ಮಗಳು ಮುಚ್ಚಳದ ಪ್ಲಾಸ್ಟಿಕ್ ಕಪ್ಪು ತಂದಳು, ಎಳೆಮಕ್ಕಳು ಹೀರುವಂಥದ್ದು. "ಪೊಟ್ಟಿಲ್ಲಮ್ಮೇ," ಒಡೆಯುವುದಿಲ್ಲ ಎಂದಳು, ಒಳ್ಳೆಯ ಮನಸ್ಸಿನಿಂದಲೇ. ಅತ್ತೆ ಅದನ್ನು ಮುಟ್ಟಲಿಲ್ಲ. "ನಂಗೆ ಬಾಯಾರಿಕೆ ಇಲ್ಲ" ಎನ್ನುತ್ತಾ ಸಂಜೆಯವರೆಗೂ ಹಾಗೇ ಕೂತಿದ್ದರು.

ಮಾವ ಎದ್ದು ಬೀರು ತೆಗೆದರು. ಒಬ್ಬ ಯೋಧನನ್ನು ತೊಳೆದು, ನೀರು ತುಂಬಿ, ಅತ್ತೆಯ ಕೈಗಿಟ್ಟರು.

"ಬೇಡಾರೀ, ಒಡೆದುಬಿಡ್ತೀನಿ."

"ಒಡೀಲಿ ಬಿಡೇ. ಕವಚ ತೊಟ್ಟೋರು ಬೀರುವಿನಲ್ಲಿ ಕೂತಿರೋಕೆ ಬಂದಿದ್ದಾ? ಎತ್ತೋದೂ ಬೇಡ, ಕಚ್ಚಿಕೊಂಡೇ ಕುಡಿ."

ಮೊನ್ನೆ ಹೋದಾಗ ಬೀರುವಿನಲ್ಲಿ ಇಬ್ಬರೇ ಉಳಿದಿದ್ದರು. ಇನ್ನೊಬ್ಬ ಅತ್ತೆಯ ಕೈಯಲ್ಲಿದ್ದ, ಮೀಸೆ ಅರ್ಧ ಅಳಿಸಿತ್ತು. ಎದುರಿಗೆ ಕೂತ ಮಾವ ಮುಚ್ಚಳದ ಪ್ಲಾಸ್ಟಿಕ್ ಕಪ್ಪಿನಲ್ಲಿ ಕಾಫಿ ಹೀರುತ್ತಿದ್ದರು.